ನೆಲವೇ ಇಲ್ಲದ ಕಡೆ ಬೀಸುವ ಬಿರುಗಾಳಿ

ಇದು ಮಂಡ್ಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು. ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಬರೆದಿದ್ದೇನೆ. ಸಭೆಯಲ್ಲಿ ಬಂದ ಪ್ರಶ್ನೆಗಳನ್ನು ತೆಗೆದಿಲ್ಲ, ಬಂದ ಜಾಗದಲ್ಲೇ ಇಟ್ಟಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊರಗಡೆ ಬೋರ್ಡಿನಲ್ಲಿ ‘ಗುರು ಮತ್ತು ಶನಿ’ ಅಂತ ದಪ್ಪಕ್ಷರದಲ್ಲಿ ಬರೆದುಬಿಟ್ಟಿದ್ದಾರೆ, ‘ಗ್ರಹಗಳ ಬಿರುಗಾಳಿ’ ಅನ್ನೋದು ಕೆಳಗೆ ಎಲ್ಲೋ ಸಣ್ಣದಾಗಿದೆ. ಮಗಳ ಮದುವೆಗೆ ಗುರುಬಲ ಯಾವಾಗ ಬರುತ್ತದೆ ಅಂತ ಕೇಳೋಕೆ ಬಂದವರು ಯಾರಾದರೂ ಇದ್ದರೆ ಬೇಜಾರು ಮಾಡಿಕೊಳ್ಳಬೇಡಿ. ಬಂದಿದ್ದೀರಿ, ಕೂತ್ಕೊಳ್ಳಿ, ಆಮೇಲೆ ಕಾಫಿ ಇದೆ.

ಭರಣಿ ಮಳೆ ಹೇಗೆ ಬರುತ್ತದೆ ಅಂತ ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ. ಬೆಳಗ್ಗೆಯಿಂದ ಸುಡು ಬಿಸಿಲು, ಮಧ್ಯಾಹ್ನ ಧಗೆ ತಡೆಯೋಕಾಗಲ್ಲ, ನಾಲ್ಕು ಗಂಟೆ ಹೊತ್ತಿಗೆ ಒಂದು ಮೂಲೆಯಲ್ಲಿ ಕರಿ ಮೋಡ ಏಳುತ್ತದೆ, ಗಾಳಿ ನುಗ್ಗುತ್ತದೆ, ಬಾಳೆ ತೋಟ ಮಲಗುತ್ತದೆ, ಕರೆಂಟ್ ಹೋಗುತ್ತದೆ, ಒಂದೆರಡು ಗಂಟೆಯಲ್ಲಿ ಎಲ್ಲಾ ಮುಗಿದು ಕಪ್ಪೆ ಕೂಗೋಕೆ ಶುರು. ಇದರಲ್ಲಿ ನಡೆದಿದ್ದೇನು? ಸೂರ್ಯ ನೆಲವನ್ನು ಕಾಯಿಸಿದ. ನೆಲ ಗಾಳಿಯನ್ನು ಕಾಯಿಸಿತು. ತೇವದ ಬಿಸಿ ಗಾಳಿ ಹಗುರ, ಅದು ಮೇಲೆ ಹೋಯಿತು, ಅಲ್ಲಿ ತಣ್ಣಗಾಗಿ ಮೋಡವಾಯಿತು. ಮಳೆ ಬಂದು ನೆಲ ತಂಪಾದ ಮೇಲೆ ಒಲೆ ಆರಿದ ಹಾಗಾಯಿತು, ಕಥೆ ಮುಗಿಯಿತು.

ದೊಡ್ಡದೂ ಅಷ್ಟೇ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಟಿವಿಯವರು ಕೂಗುತ್ತಾರಲ್ಲ, ಆ ಚಂಡಮಾರುತ ಚೆನ್ನೈ ಹತ್ತಿರ ದಡ ಹತ್ತುವಾಗ ಮರ ಕೀಳುತ್ತದೆ, ನಮ್ಮೂರಿಗೆ ಬರೋ ಹೊತ್ತಿಗೆ ಎರಡು ದಿನ ಜಿಟಿಜಿಟಿ ಮಳೆ, ಅಷ್ಟೇ. ಸಮುದ್ರದ ಬಿಸಿ ನೀರು ಕೈಬಿಟ್ಟಿತು, ಗುಡ್ಡ, ಮರ, ಊರು ಎಲ್ಲಾ ಅಡ್ಡ ಬಂದು ಉಜ್ಜಿದವು, ಉಸಿರು ಹೋಯಿತು. ನಮ್ಮ ಬಿರುಗಾಳಿಯ ಹುಟ್ಟಿಗೂ ಸಾವಿಗೂ ಕೆಳಗಿರುವ ನೆಲ ನೀರೇ ಕಾರಣ.

ಈಗ ಆ ನೆಲವನ್ನೇ ತೆಗೆದುಬಿಡಿ. ಬಿಸಿಲನ್ನೂ ತೆಗೆದುಬಿಡಿ, ಹೆಚ್ಚುಕಡಿಮೆ. ಏನು ಉಳಿಯುತ್ತದೆ?

ಗುರುಗ್ರಹದಲ್ಲಿ ಉಳಿದಿರುವುದು ಅದೇ. ಸೂರ್ಯನಿಂದ ಸುಮಾರು 78 ಕೋಟಿ ಕಿ.ಮೀ. ದೂರ, ನಮಗೆ ಬೀಳುವ ಬಿಸಿಲಿನಲ್ಲಿ 27ರಲ್ಲಿ ಒಂದು ಪಾಲು ಮಾತ್ರ ಅಲ್ಲಿಗೆ. ಅಡ್ಡಗಲ 1,43,000 ಕಿ.ಮೀ. ಹತ್ತಿರ, ಅಂದರೆ ಭೂಮಿಯಂಥ ಹನ್ನೊಂದು ಗ್ರಹ ಸಾಲಾಗಿ ನಿಲ್ಲುವಷ್ಟು. ಹೈಡ್ರೋಜನ್, ಹೀಲಿಯಂ, ಮೇಲೆ ಸ್ವಲ್ಪ ಅಮೋನಿಯಾ, ಸ್ವಲ್ಪ ನೀರು. ಕಾಲಿಡೋಕೆ ಜಾಗ ಇಲ್ಲ. ಕೆಳಕ್ಕೆ ಹೋದ ಹಾಗೆ ಒತ್ತಡ ಜಾಸ್ತಿಯಾಗುತ್ತಾ, ಅನಿಲವೇ ದ್ರವದ ಥರ ಆಗುತ್ತಾ ಹೋಗುತ್ತದೆ, ಇಲ್ಲಿ ಗಾಳಿ ಮುಗಿಯಿತು ಇಲ್ಲಿಂದ ಸಮುದ್ರ ಅಂತ ಗೆರೆ ಎಳೆಯೋಕಾಗಲ್ಲ.

ಬಿಸಿಲು ಕಡಿಮೆ ಅಂದರೆ ಬಿರುಗಾಳಿಯೂ ಕಡಿಮೆ ಇರಬೇಕಲ್ವಾ? ಆದರೆ ಗುರು ಸೂರ್ಯನಿಂದ ಹೀರಿಕೊಳ್ಳುವ ಶಾಖಕ್ಕಿಂತ ಎರಡು ಪಟ್ಟಿನ ಹತ್ತಿರ ಶಾಖವನ್ನು ಹೊರಗೆ ಬಿಡುತ್ತದೆ. ಹುಟ್ಟುವಾಗ ಅಷ್ಟೆಲ್ಲ ಅನಿಲ ಒಂದೆಡೆ ಕುಸಿದು ಸೇರಿಕೊಂಡಾಗ ಬಂದ ಕಾವು 450 ಕೋಟಿ ವರ್ಷ ಆದರೂ ಇನ್ನೂ ಆರಿಲ್ಲ, ಗ್ರಹ ಈಗಲೂ ನಿಧಾನಕ್ಕೆ ಕುಗ್ಗುತ್ತಾ ಕಾವು ಬಿಡುತ್ತಲೇ ಇದೆ. ಆಲೆಮನೆ ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಕಿ ಕೆಳಗಿರುತ್ತದೆ. ತಳದ ಬಿಸಿ ಹಾಲು ಒಂದು ಕಡೆ ಬುಗ್ಗೆಯಾಗಿ ಏಳುತ್ತದೆ, ಮೇಲೆ ಬಂದು ಹರಡುತ್ತದೆ, ಅಂಚಿನಲ್ಲಿ ಮತ್ತೆ ಕೆಳಗಿಳಿಯುತ್ತದೆ, ನೊರೆ ಒಂದೆಡೆ ಗುಂಪು ಸೇರಿಕೊಳ್ಳುತ್ತದೆ. ಮೇಲೆ ಬಿಸಿಲಿದೆಯೋ ನೆರಳಿದೆಯೋ ಅನ್ನೋದು ಲೆಕ್ಕಕ್ಕೇ ಬರಲ್ಲ. ಈಗ ಆ ಕೊಪ್ಪರಿಗೆಗೆ ತಳವೇ ಇಲ್ಲ ಅಂದುಕೊಳ್ಳಿ, ಜೊತೆಗೆ ಇಡೀ ಕೊಪ್ಪರಿಗೆಯನ್ನು ಗಿರಗಿರ ತಿರುಗಿಸಿ.

ತಿರುಗೋದು ಸಾಮಾನ್ಯ ವೇಗದಲ್ಲಲ್ಲ. ಗುರುವಿನ ಒಂದು ದಿನ ಅಂದರೆ 9 ಗಂಟೆ 55 ನಿಮಿಷ. ಅಷ್ಟು ದೊಡ್ಡ ಗ್ರಹ ಅಷ್ಟು ಬೇಗ ಸುತ್ತುವಾಗ ಅದರ ಸಮಭಾಜಕದ ಮೇಲಿನ ಮೋಡ ಗಂಟೆಗೆ 45,000 ಕಿ.ಮೀ. ವೇಗದಲ್ಲಿ ಸುತ್ತುತ್ತಿರುತ್ತದೆ. ನಮ್ಮ ಭೂಮಿಯಲ್ಲಿ ಅದು 1,670. ಈ ತಿರುಗಾಟದಿಂದ ಉತ್ತರ ದಕ್ಷಿಣವಾಗಿ ಹೋಗಬೇಕಾದ ಗಾಳಿ ಪಕ್ಕಕ್ಕೆ ತಿರುಗಿ ಪೂರ್ವ ಪಶ್ಚಿಮವಾಗಿ ಹರಿಯುತ್ತದೆ. ಫೋಟೋದಲ್ಲಿ ಪಟ್ಟೆ ಪಟ್ಟೆಯಾಗಿ ಕಾಣುತ್ತದಲ್ಲ, ಅದರ ಗುಟ್ಟು ಇದೇ. ಒಂದು ಪಟ್ಟೆಯ ಅಂಚಿನಲ್ಲಿ ಗಾಳಿ ಪೂರ್ವಕ್ಕೆ, ಪಕ್ಕದ ಅಂಚಿನಲ್ಲಿ ಪಶ್ಚಿಮಕ್ಕೆ.

ಅಂಥ ಎರಡು ಗಾಳಿಗಳ ನಡುವೆ ಸಿಕ್ಕಿಕೊಂಡಿರುವುದೇ ಆ ಪ್ರಸಿದ್ಧ ಕೆಂಪು ಮಚ್ಚೆ, ಅಲ್ಲಿನ ಒಂದು ದೈತ್ಯ ಬಿರುಗಾಳಿ. ಗುರುವಿನ ದಕ್ಷಿಣಾರ್ಧದಲ್ಲಿ, 22 ಡಿಗ್ರಿ ಅಕ್ಷಾಂಶದಲ್ಲಿದೆ. ಅದರ ಉತ್ತರದ ಅಂಚಿನಲ್ಲಿ ಗಾಳಿ ಪಶ್ಚಿಮಕ್ಕೆ ಹರಿಯುತ್ತದೆ, ದಕ್ಷಿಣದ ಅಂಚಿನಲ್ಲಿ ಪೂರ್ವಕ್ಕೆ. ಎರಡರ ಮಧ್ಯೆ ಸಿಕ್ಕ ಮಚ್ಚೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತಲೇ ಇರುತ್ತದೆ. ಅಂಚಿನಲ್ಲಿ ವೇಗ ಗಂಟೆಗೆ 400 ಕಿ.ಮೀ.ಗಿಂತ ಜಾಸ್ತಿ.

ಇಲ್ಲಿ ಒಂದು ನಿಮಿಷ ನಿಲ್ಲಿ. ಬಂಗಾಳ ಕೊಲ್ಲಿಯ ಚಂಡಮಾರುತದ ಉಪಗ್ರಹ ಚಿತ್ರ ನೋಡಿದ್ದೀರಲ್ಲ, ಅದು ಕೂಡ ಮುಳ್ಳಿಗೆ ವಿರುದ್ಧವಾಗೇ ತಿರುಗುತ್ತದೆ. ಹಾಗಾದರೆ ಎರಡೂ ಒಂದೇ ಜಾತಿನಾ? ಅಲ್ಲ. ನಮ್ಮದು ಉತ್ತರಾರ್ಧ, ಅದು ದಕ್ಷಿಣಾರ್ಧ. ಆ ಕಡೆ ಹೋದರೆ ಲೆಕ್ಕ ಉಲ್ಟಾ. ಕೆಂಪು ಮಚ್ಚೆಯ ನಡುವೆ ವಾಯುಭಾರ ಕುಸಿದಿಲ್ಲ, ಏರಿದೆ. ಅದರ ಮೋಡದ ನೆತ್ತಿ ಸುತ್ತಲಿನ ಮೋಡಕ್ಕಿಂತ ಕೆಲವು ಕಿ.ಮೀ. ಎತ್ತರದಲ್ಲಿದೆ. ನಮ್ಮ ಚಂಡಮಾರುತದ ದೊಡ್ಡ ಅಣ್ಣ ಅಂತ ಎಷ್ಟೋ ಕಡೆ ಬರೆಯುತ್ತಾರೆ, ನನಗೆ ಅದು ಸ್ವಲ್ಪವೂ ಒಪ್ಪಿಗೆಯಾಗಲ್ಲ. ಸಂಬಂಧಿಕನೇ ಅಲ್ಲ ಅದು.

ಈ ಹೊತ್ತಿಗೆ ಹಿಂದಿನ ಸಾಲಿನಿಂದ ಹಿರಿಯರೊಬ್ಬರು ಎದ್ದು ಕೇಳಿದರು. “ಅಲ್ಲಾ ಮೇಷ್ಟ್ರೇ, ಅಲ್ಲಿ ಮರ ಇಲ್ಲ, ಹೆಂಚಿಲ್ಲ, ಕರೆಂಟ್ ಕಂಬ ಇಲ್ಲ. ಗಾಳಿ ಇಷ್ಟು ಜೋರು ಅಂತ ಹೆಂಗೆ ಗೊತ್ತಾಯ್ತದೆ?”

ಇಷ್ಟು ಒಳ್ಳೆ ಪ್ರಶ್ನೆಯನ್ನು ನಾನು ಕಾಲೇಜಿನಲ್ಲಿ ಕೇಳಿಸಿಕೊಂಡಿದ್ದು ಕಡಿಮೆ. ಒಂದು ಮೋಡದ ತುಣುಕು ಗುರುತು ಇಟ್ಟುಕೊಳ್ಳುತ್ತಾರೆ, ಗಂಟೆಗಳು ಬಿಟ್ಟು ಮತ್ತೆ ಫೋಟೋ ತೆಗೆದು ಎಷ್ಟು ದೂರ ಹೋಯಿತು ಅಂತ ಅಳೆಯುತ್ತಾರೆ. ಆದರೆ ಅವರ ಪ್ರಶ್ನೆಯೊಳಗೆ ಇನ್ನೊಂದು ಪ್ರಶ್ನೆ ಇದೆ. ನೀವು ಒಂದು ಬಲೂನಿನಲ್ಲಿ ಕೂತು ಆ ಮಚ್ಚೆಯೊಳಗೆ ಇಳಿದರೆ ಎದುರು ಗಾಳಿಯೇ ಬೀಸಲ್ಲ. ಬಲೂನೂ ಗಾಳಿಯ ಜೊತೆಗೇ ಹೋಗುತ್ತಿರುತ್ತದೆ. ಗಾಳಿ ಜೋರು ಅಂತ ನಮಗೆ ಅನ್ನಿಸುವುದು ನಾವು ನೆಲ ಕಚ್ಚಿ ನಿಂತಿರುವುದರಿಂದ. ಅಲ್ಲಿ ಕಚ್ಚಿ ನಿಲ್ಲೋಕೆ ಏನೂ ಇಲ್ಲ, ಗಾಳಿಯನ್ನು ಉಜ್ಜಿ ನಿಲ್ಲಿಸೋಕೂ ಏನೂ ಇಲ್ಲ. ಆ ಮಚ್ಚೆ ಇಷ್ಟು ಕಾಲ ಬದುಕಿರೋದಕ್ಕೆ ಮೊದಲ ಕಾರಣ ಅದೇ. ಎರಡನೆಯದು, ಅದು ಪಕ್ಕದಲ್ಲಿ ಹಾದು ಹೋಗುವ ಚಿಕ್ಕ ಸುಳಿಗಳನ್ನು ನುಂಗುತ್ತದೆ. 1988ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ತಿರುಗುವ ನೀರಿನ ತೊಟ್ಟಿಯೊಂದರಲ್ಲಿ ಇದನ್ನೇ ಮಾಡಿ ತೋರಿಸಿದರು. ಎದುರುಬದುರು ಹರಿವು ಕೊಟ್ಟರೆ ಚಿಕ್ಕ ಸುಳಿಗಳೆಲ್ಲ ಸೇರಿ ಕೊನೆಗೆ ಒಂದೇ ದೊಡ್ಡ ಸುಳಿ ಉಳಿಯಿತು, ಬಿಡದೆ ಸುತ್ತುತ್ತಲೇ ಇತ್ತು.

ಎಷ್ಟು ಕಾಲದಿಂದ ಇದೆ? 350 ವರ್ಷ ಅಂತ ಹಳೆ ಪುಸ್ತಕಗಳಲ್ಲಿ ಇರುತ್ತದೆ. 1665ರಲ್ಲಿ ಕ್ಯಾಸಿನಿ ಅನ್ನೋ ಖಗೋಳಜ್ಞ ಗುರುವಿನ ಮೇಲೆ ಒಂದು ಮಚ್ಚೆ ನೋಡಿದ್ದ, ಅದನ್ನು 1713ರವರೆಗೆ ಜನ ನೋಡಿದ್ದರು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಯಾರಿಗೂ ಏನೂ ಕಂಡಿಲ್ಲ. ಈಗಿನ ಮಚ್ಚೆಯ ಜಾಗ ಮತ್ತೆ ಚಿತ್ರದಲ್ಲಿ ಬರೋದು 1831ರಲ್ಲಿ. 2024ರಲ್ಲಿ ಹಳೆಯ ಚಿತ್ರಗಳ ಗಾತ್ರ, ಚಲನೆ ಎಲ್ಲಾ ಲೆಕ್ಕ ಹಾಕಿದ ಸಂಶೋಧಕರು ಎರಡೂ ಒಂದೇ ಇರಲಾರದು ಅಂದರು. ಸರಿ, 350 ಹೋಗಿ 190 ಅಂತಿಟ್ಟುಕೊಳ್ಳಿ. ನಮ್ಮ ಭರಣಿ ಮಳೆಯ ಎರಡು ಗಂಟೆಯ ಮುಂದೆ ಅದೇನು ಕಡಿಮೆಯಾ!

ಆದರೆ ಚಿಕ್ಕದಾಗುತ್ತಿದೆ, ಅದು ನಿಜ. 1800ರ ದಶಕದ ಕೊನೆಯಲ್ಲಿ ಉದ್ದ ಸುಮಾರು 40,000 ಕಿ.ಮೀ., 1979ರಲ್ಲಿ ವಾಯೇಜರ್ ನೌಕೆಗಳು ಹೋದಾಗ 23,000ದ ಸುಮಾರು, 2014ರಲ್ಲಿ ಬಾಹ್ಯಾಕಾಶದಲ್ಲಿರುವ ಹಬಲ್ ದುರ್ಬೀನು ಅಳೆದಾಗ 16,500. ಮೂರು ಭೂಮಿ ಹಿಡಿಯುತ್ತಿದ್ದದ್ದು ಒಂದೂಕಾಲು ಭೂಮಿಗೆ ಬಂದಿದೆ. ಉದ್ದ ಕಡಿಮೆಯಾಗಿ ದುಂಡಗಾಗುತ್ತಿದೆ. 2019ರಲ್ಲಿ ಅದರ ಅಂಚಿನಿಂದ ಕೆಂಪು ಚೂರುಗಳು ಕಿತ್ತು ಹೋಗೋದನ್ನು ಹವ್ಯಾಸಿಗಳೇ ಮೊದಲು ಗಮನಿಸಿದರು, ಸತ್ತೇ ಹೋಯಿತು ಅಂತ ಸುದ್ದಿ ಹಬ್ಬಿತು. ಸತ್ತಿಲ್ಲ, ಸುತ್ತುತ್ತಿದೆ.

ಕೆಂಪು ಯಾಕೆ ಅಂತ ಒಬ್ಬಳು ಹುಡುಗಿ ಕೇಳಿದಳು. ಅಮೋನಿಯಾ ಮೋಡ ತನ್ನಷ್ಟಕ್ಕೆ ಬಿಳಿ. ಎತ್ತರಕ್ಕೆ ಬಂದ ಅನಿಲಗಳ ಮೇಲೆ ಸೂರ್ಯನ ನೇರಳಾತೀತ ಕಿರಣ ಬಿದ್ದು ಕೆಂಪು ವಸ್ತು ಹುಟ್ಟುತ್ತದೆ ಅನ್ನೋದು ಈಗಿರುವ ಬಲವಾದ ಅಂದಾಜು. ಅಮೋನಿಯಾ, ಅಸಿಟಿಲೀನ್ ಬೆರೆಸಿ ಲ್ಯಾಬಿನಲ್ಲಿ ಹಾಗೆ ಮಾಡಿದರೆ ಹೆಚ್ಚುಕಡಿಮೆ ಅದೇ ಬಣ್ಣ ಬರುತ್ತದೆ. ಅಷ್ಟು ಸಾಕು, ಬಣ್ಣದ ಬಗ್ಗೆ ಜನ ಜಾಸ್ತಿ ಕೇಳುತ್ತಾರೆ, ನನಗೆ ಅದಕ್ಕಿಂತ ಆಳ ಮುಖ್ಯ.

ಆಳಕ್ಕೆ ಹೋಗಿ ನೋಡಿದ್ದು ಇದುವರೆಗೆ ಒಂದೇ ಒಂದು ಯಂತ್ರ. 1995ರ ಡಿಸೆಂಬರ್ 7ರಂದು ಗೆಲಿಲಿಯೋ ನೌಕೆ ಬಿಟ್ಟ ಪುಟ್ಟ ಶೋಧಕ ಗುರುವಿನ ಮೋಡದೊಳಗೆ ಬಿತ್ತು. ಪ್ಯಾರಾಚೂಟ್ ಬಿಚ್ಚಿಕೊಂಡು ಒಂದು ಗಂಟೆಗೆ ಸ್ವಲ್ಪ ಕಡಿಮೆ ಹೊತ್ತು ಮಾಹಿತಿ ಕಳಿಸುತ್ತಾ ಇಳಿಯಿತು, ಕೊನೆಗೆ ಬಿಸಿಗೆ, ಒತ್ತಡಕ್ಕೆ ಸೋತಿತು. ಅದು ಕಳಿಸಿದ ಒಂದು ಸುದ್ದಿ ನನಗೆ ಬಹಳ ಇಷ್ಟ. ಗಾಳಿ ಬಿಸಿಲಿನಿಂದ ಬೀಸುವುದಾಗಿದ್ದರೆ ಮೋಡದ ಕೆಳಗೆ ಹೋದ ಹಾಗೆ ಕಡಿಮೆಯಾಗಬೇಕಿತ್ತು. ಕಡಿಮೆಯಾಗಲಿಲ್ಲ. ಇಳಿದಂತೆ ಜಾಸ್ತಿಯಾಗಿ ಗಂಟೆಗೆ 600 ಕಿ.ಮೀ. ದಾಟಿತು, ಆಮೇಲೆ ಹಾಗೇ ಇತ್ತು.

ಆ ಎಳೆಯನ್ನು ಹಿಡಿದು ಮುಂದೆ ಹೋಗಿದ್ದು ಜೂನೋ. 2011ರಲ್ಲಿ ಹೊರಟು 2016ರ ಜುಲೈನಲ್ಲಿ ಗುರುವನ್ನು ಮುಟ್ಟಿದ ನೌಕೆ. ಅದು ಹಾದು ಹೋಗುವಾಗ ಗುರುವಿನ ಗುರುತ್ವ ಎಲ್ಲೆಲ್ಲಿ ಕೂದಲೆಳೆಯಷ್ಟು ಬದಲಾಗುತ್ತದೆ ಅಂತ ಅಳೆದು, ಒಳಗೆ ಎಷ್ಟು ಆಳದವರೆಗೆ ಗಾಳಿ ಇದೆ ಅಂತ ಲೆಕ್ಕ ಹಾಕಿದರು. ಪಟ್ಟೆಗಳ ಗಾಳಿ 3,000 ಕಿ.ಮೀ. ಆಳದವರೆಗೆ! ಅದರ ಕೆಳಗೆ ಹೈಡ್ರೋಜನ್ ವಿದ್ಯುತ್ ಹರಿಯಬಿಡುವಂಥದ್ದಾಗುತ್ತದೆ, ಅಲ್ಲಿ ಗ್ರಹದ ಕಾಂತಕ್ಷೇತ್ರ ಗಾಳಿಯನ್ನು ಹಿಡಿದು ನಿಲ್ಲಿಸುತ್ತದೆ. ಕೆಂಪು ಮಚ್ಚೆಯ ಬೇರು ಅಷ್ಟು ಆಳ ಇಲ್ಲ, 300ರಿಂದ 500 ಕಿ.ಮೀ. ನಮ್ಮ ಗುಡುಗಿನ ಮೋಡ ಎಷ್ಟೇ ಬೆಳೆದರೂ ಹದಿನೆಂಟು ಇಪ್ಪತ್ತು ಕಿ.ಮೀ. ಎತ್ತರ ಅನ್ನೋದು ನೆನಪಿರಲಿ.

ಗುಡುಗು ಅಂದೆನಲ್ಲ, ಅದನ್ನು ಹೇಳಬೇಕು. ಗುರುವಿನ ರಾತ್ರಿಯ ಕಡೆ ಮಿಂಚು ಹೊಡೆಯೋದನ್ನು 1979ರಲ್ಲೇ ವಾಯೇಜರ್ 1 ನೋಡಿತ್ತು. ನಮ್ಮಲ್ಲಿ ಮಿಂಚು ಜಾಸ್ತಿ ಇರುವುದು ಸಮಭಾಜಕದ ಸುತ್ತಮುತ್ತ, ಯಾಕಂದರೆ ಬಿಸಿಲು ಜಾಸ್ತಿ ಅಲ್ಲೇ. ಗುರುವಿನಲ್ಲಿ ಜೂನೋ ಕಂಡಿದ್ದು ತದ್ವಿರುದ್ಧ, ಧ್ರುವಗಳ ಕಡೆ ಜಾಸ್ತಿ, ಸಮಭಾಜಕದ ಹತ್ತಿರ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಲ್ಲಿ ಬಿಸಿಲು ಮಾಡುವ ಕೆಲಸ ಅಡ್ಡಗಾಲು ಹಾಕೋದು. ಸಮಭಾಜಕದಲ್ಲಿ ಇರೋ ಸ್ವಲ್ಪ ಬಿಸಿಲು ಮೇಲಿನ ಪದರವನ್ನು ಬೆಚ್ಚಗಿಡುತ್ತದೆ, ಮೇಲೆ ಬೆಚ್ಚಗಿದ್ದರೆ ಕೆಳಗಿನ ಬಿಸಿ ಗಾಳಿಗೆ ಏಳೋಕೆ ಆಗಲ್ಲ. ಧ್ರುವದಲ್ಲಿ ಮೇಲೆ ತಣ್ಣಗೆ, ಕೆಳಗಿನಿಂದ ಶಾಖ, ತಡೆಯೋರಿಲ್ಲ.

ಇನ್ನೂ ಒಂದಿದೆ. 2020ರಲ್ಲಿ ಜೂನೋದವರು ಕೆಲವು ಮಿಂಚು ತೀರಾ ಎತ್ತರದಲ್ಲಿ, ನೀರಿನ ಮೋಡಕ್ಕಿಂತ 25 ಕಿ.ಮೀ. ಮೇಲೆ ಹೊಡೆಯುತ್ತಿದೆ ಅಂದರು. ಅಲ್ಲಿ ಮೈನಸ್ 88 ಡಿಗ್ರಿಗಿಂತ ಚಳಿ. ಅಷ್ಟು ಚಳಿಯಲ್ಲಿ ನೀರು ಹನಿಯಾಗಿ ಇರೋಕಾಗಲ್ಲ, ಬರೀ ಗಟ್ಟಿ ಮಂಜುಗಡ್ಡೆ ಚೂರು. ಹನಿಯೂ ಮಂಜೂ ಎರಡೂ ಒಂದಕ್ಕೊಂದು ತಾಕದೆ ಮಿಂಚು ಹುಟ್ಟೋದು ಕಷ್ಟ. ಹಾಗಾದರೆ ಹೇಗೆ? ಬಲವಾದ ಬಿರುಗಾಳಿ ಮಂಜಿನ ಹರಳುಗಳನ್ನು ಅಷ್ಟು ಎತ್ತರಕ್ಕೆ ಎತ್ತಿ ಎಸೆಯುತ್ತದೆ. ಅಲ್ಲಿ ಅಮೋನಿಯಾ ಅನಿಲ ಇರುತ್ತದೆ. ಅಮೋನಿಯಾ ತಾಕಿದರೆ ಮಂಜು ಆ ಚಳಿಯಲ್ಲೂ ಕರಗುತ್ತದೆ. ಅಮೋನಿಯಾ ಬೆರೆತ ನೀರಿನ ಹನಿ, ಅದಕ್ಕೆ ತಾಕುವ ಹೊಸ ಮಂಜು, ಮಿಂಚು ತಯಾರು. ಆಮೇಲೆ ಆ ಹನಿಗಳು ಮೆತ್ತನೆಯ ಆಲಿಕಲ್ಲಾಗುತ್ತವೆ, ಹೊರಗೆ ಮಂಜಿನ ಸಿಪ್ಪೆ, ಒಳಗೆ ಅಮೋನಿಯಾ ಬೆರೆತ ಗಂಜಿ. ಬೀಳೋಕೆ ಶುರುವಾದರೆ ನೆಲ ಇಲ್ಲವಲ್ಲ, ಬೀಳುತ್ತಲೇ ಹೋಗುತ್ತವೆ, ಆಳದ ಬಿಸಿಯಲ್ಲಿ ಆವಿಯಾಗುವವರೆಗೆ. ಹೋಗುವಾಗ ಅಮೋನಿಯಾವನ್ನೂ ಹೊತ್ತುಕೊಂಡು ಹೋಗುತ್ತವೆ. ಗುರುವಿನ ಮೇಲ್ಪದರದಲ್ಲಿ ಅಮೋನಿಯಾ ಲೆಕ್ಕಕ್ಕಿಂತ ಕಡಿಮೆ ಯಾಕಿದೆ ಅಂತ ತಲೆ ಕೆಡಿಸಿಕೊಂಡಿದ್ದವರಿಗೆ ಇದರಿಂದ ಒಂದು ಉತ್ತರ ಸಿಕ್ಕಿತು.

ಧ್ರುವದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜೂನೋ ಹೋಗುವವರೆಗೆ ಗುರುವಿನ ನೆತ್ತಿಯನ್ನು ಯಾರೂ ಸರಿಯಾಗಿ ನೋಡಿರಲಿಲ್ಲ. ಉತ್ತರದಲ್ಲಿ ನಡುವೆ ಒಂದು ಸುಳಿ, ಸುತ್ತ ಎಂಟು. ದಕ್ಷಿಣದಲ್ಲಿ ನಡುವೆ ಒಂದು, ಸುತ್ತ ಐದು. ಒಂದೊಂದೂ ಸಾವಿರಾರು ಕಿ.ಮೀ. ಅಗಲ. ಒಂದನ್ನೊಂದು ತಳ್ಳಿಕೊಂಡು ನಿಂತಿವೆ, ಒಂದಾಗಿ ಬೆರೆಯಲ್ಲ.

ಇನ್ನು ಶನಿ.

ಶನಿ ಒಂದು ರಾಶಿಯಲ್ಲಿ ಎರಡೂವರೆ ವರ್ಷ, ಸಾಡೇಸಾತಿ ಏಳೂವರೆ ವರ್ಷ ಅಂತ ನಿಮಗೆಲ್ಲ ಗೊತ್ತು. ಈ ಲೆಕ್ಕ ಬಂದಿದ್ದು ಶನಿ ಸೂರ್ಯನನ್ನು ಒಂದು ಸುತ್ತು ಹಾಕೋಕೆ 29 ವರ್ಷಕ್ಕೆ ಸ್ವಲ್ಪ ಜಾಸ್ತಿ ತಗೊಳ್ಳೋದರಿಂದ, ಅದನ್ನು ಹನ್ನೆರಡು ರಾಶಿಗೆ ಹಂಚಿದರೆ ಎರಡೂವರೆ. ಈಗ ಈ ಇಸವಿಗಳನ್ನು ಕೇಳಿ: 1876, 1903, 1933, 1960, 1990. ಶನಿಯ ಮೇಲೆ ದೊಡ್ಡ ಬಿಳಿ ಬಿರುಗಾಳಿ ಎದ್ದ ವರ್ಷಗಳಿವು. ಸುಮಾರು ಮೂವತ್ತು ವರ್ಷಕ್ಕೊಂದು! 1933ರದ್ದನ್ನು ಕಂಡುಹಿಡಿದವರು ವಿಲ್ ಹೇ, ಇಂಗ್ಲೆಂಡಿನ ಹಾಸ್ಯನಟ. ಹಗಲು ಜನರನ್ನು ನಗಿಸಿ ರಾತ್ರಿ ದುರ್ಬೀನು ಹಿಡಿಯುತ್ತಿದ್ದ ಮನುಷ್ಯ.

ಮುಂದಿನದು 2020ರ ಆಸುಪಾಸು ಬರಬೇಕಿತ್ತು, ಹತ್ತು ವರ್ಷ ಮೊದಲೇ ಬಂತು. 2010ರ ಡಿಸೆಂಬರ್ 5ರಂದು ಶನಿಯ ಸುತ್ತ ಹಾರುತ್ತಿದ್ದ ಕ್ಯಾಸಿನಿ ನೌಕೆಯ ರೇಡಿಯೋಗೆ ಮಿಂಚಿನ ಚಟಪಟ ಕೇಳಿಸಿತು. ಮೊದಲು ಒಂದು ಬಿಳಿ ಚುಕ್ಕೆ. ಆ ಚುಕ್ಕೆ ಪಶ್ಚಿಮಕ್ಕೆ ಓಡುತ್ತಾ ಹಿಂದೆ ಬಾಲ ಬಿಡುತ್ತಾ ಹೋಯಿತು, ಎರಡು ತಿಂಗಳೊಳಗೆ ಇಡೀ ಗ್ರಹವನ್ನು ಸುತ್ತು ಹಾಕಿತು. ಅಬ್ಬರ ಜೋರಿದ್ದಾಗ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಮಿಂಚು. 2011ರ ಜೂನ್‌ನಲ್ಲಿ ಬಿರುಗಾಳಿಯ ತಲೆ ತಾನೇ ಹಿಂದೆ ಬಿಟ್ಟು ಬಂದಿದ್ದ ದೊಡ್ಡ ಸುಳಿಗೆ ಹೋಗಿ ಡಿಕ್ಕಿ ಹೊಡೆದು ಆರಿ ಹೋಯಿತು.

ಮೂವತ್ತು ವರ್ಷ ಸುಮ್ನೆ ಇದ್ದು ಒಂದೇ ಸಲ ಯಾಕೆ ಸ್ಫೋಟವಾಗುತ್ತದೆ? ಇವತ್ತು ಮನೆಗೆ ಒಂದೇ ವಿಷಯ ತಗೊಂಡು ಹೋಗಿ ಅಂದರೆ ನಾನು ಇದನ್ನೇ ಕೊಡುತ್ತೇನೆ. ತೇವದ ಗಾಳಿ ಹಗುರ ಅಂತ ಶುರುವಿನಲ್ಲಿ ಹೇಳಿದೆ. ನಮ್ಮ ಗಾಳಿಯಲ್ಲಿರೋದು ಹೆಚ್ಚಾಗಿ ನೈಟ್ರೋಜನ್, ಆಮ್ಲಜನಕ, ಅದರ ಅಣುತೂಕ ಸರಾಸರಿ 29. ನೀರಿನದ್ದು 18. ಗಾಳಿಗೆ ನೀರಾವಿ ಸೇರಿದರೆ ಹಗುರವಾಗುತ್ತದೆ, ತಾನಾಗೇ ಮೇಲೇಳುತ್ತದೆ. ಅದಕ್ಕೇ ನಮ್ಮಲ್ಲಿ ಸಂಜೆ ಮಳೆ ಅಷ್ಟು ಸುಲಭ. ಶನಿಯಲ್ಲಿರೋದು ಹೈಡ್ರೋಜನ್, ಅದರ ಅಣುತೂಕ 2. ಹೀಲಿಯಂ 4. ಅಲ್ಲಿ 18ರ ನೀರು ಭಾರ! ತೇವದ ಗಾಳಿ ಏಳೋದಿರಲಿ, ಬಿಸಿಯಾಗಿದ್ದರೂ ಕೆಳಗೇ ಕೂರುತ್ತದೆ.

ಒಂದು ದೊಡ್ಡ ಬಿರುಗಾಳಿ ಆದ ಮೇಲೆ ಮೇಲಿನ ನೀರೆಲ್ಲ ಮಳೆಯಾಗಿ ಆಳಕ್ಕೆ ಇಳಿದಿರುತ್ತದೆ. ಮೇಲೆ ಒಣ ಗಾಳಿ, ಹಗುರ. ಕೆಳಗೆ ತೇವದ ಗಾಳಿ, ಬಿಸಿ ಆದರೂ ಭಾರ. ಹಗುರವಾದದ್ದು ಮೇಲೆ, ಭಾರದ್ದು ಕೆಳಗೆ, ಇಬ್ಬರಿಗೂ ಕದಲೋಕೆ ಕಾರಣವೇ ಇಲ್ಲ. ಆದರೆ ಮೇಲಿನ ಗಾಳಿ ತನ್ನ ಶಾಖವನ್ನು ಆಕಾಶಕ್ಕೆ ಚೂರು ಚೂರೇ ಬಿಡುತ್ತಾ ತಣ್ಣಗಾಗುತ್ತಾ ಹೋಗುತ್ತದೆ. ತಣ್ಣಗಾದ ಹಾಗೆ ತೂಕ ಏರುತ್ತದೆ. ಅಷ್ಟು ದೊಡ್ಡ ಗ್ರಹ, ಅಷ್ಟು ದಪ್ಪ ಪದರ, ದಶಕಗಳೇ ಹಿಡಿಯುತ್ತವೆ. ಒಂದು ದಿನ ಮೇಲಿನದ್ದೇ ಭಾರವಾಗಿ ಕುಸಿಯುತ್ತದೆ, ಅಷ್ಟು ವರ್ಷ ಕೆಳಗೆ ತಡೆದಿಟ್ಟಿದ್ದ ಶಾಖ, ನೀರು ಎರಡೂ ಒಟ್ಟಿಗೆ ಮೇಲಕ್ಕೆ ನುಗ್ಗುತ್ತವೆ. 2015ರಲ್ಲಿ ಈ ಲೆಕ್ಕ ಕೊಟ್ಟವರು ಚೆಂಗ್ ಲಿ ಮತ್ತು ಆಂಡ್ರ್ಯೂ ಇಂಗರ್ಸಾಲ್. ಗುರುವಿನಲ್ಲಿ ಹೀಗಾಗದೇ ಇರೋದಕ್ಕೆ ಅಲ್ಲಿ ನೀರು ಅಷ್ಟಿಲ್ಲದಿರಬಹುದು ಅನ್ನೋದು ಅವರ ವಿವರಣೆ.

“ಹಾಗಾದ್ರೆ ಸಾರ್, ನೆಪ್ಚೂನ್?” ಅಂದ ಒಬ್ಬ ಪಿಯು ಹುಡುಗ. ಅದನ್ನು ಅನಿಲ ದೈತ್ಯ ಅನ್ನದೆ ಹಿಮ ದೈತ್ಯ ಅಂತ ಬೇರೆ ಗುಂಪಿಗೆ ಹಾಕುತ್ತಾರೆ ಕಣಪ್ಪ, ಆದರೆ ಕೇಳಿದ್ದು ಸರಿ. ಬಿಸಿಲು ಇನ್ನೂ ಕಡಿಮೆ, ಗಾಳಿ ಗಂಟೆಗೆ 2,000 ಕಿ.ಮೀ. ಹತ್ತಿರ. 1989ರಲ್ಲಿ ವಾಯೇಜರ್ 2 ಅಲ್ಲೊಂದು ಭೂಮಿಯಷ್ಟು ದೊಡ್ಡ ಕಪ್ಪು ಮಚ್ಚೆ ನೋಡಿತು, 1994ರಲ್ಲಿ ಹಬಲ್ ಹುಡುಕಿದರೆ ಅದು ಇರಲೇ ಇಲ್ಲ.

ಕೊನೆಗೆ ನೋಡುವ ವಿಷಯ. ಇಂಗ್ಲೆಂಡಿನವರಿಗಿಂತ ನಾವು ಅದೃಷ್ಟವಂತರು. ಕೆಲವು ವರ್ಷ ಲಂಡನ್ನಿನಲ್ಲಿ ಗುರು ಎಷ್ಟೇ ಮೇಲೆ ಬಂದರೂ ದಿಗಂತದಿಂದ ಹದಿನೈದು ಹದಿನಾರು ಡಿಗ್ರಿ ಅಷ್ಟೇ, ನಡುವೆ ದಪ್ಪ ಗಾಳಿ, ಚಿತ್ರ ಕದಡುತ್ತದೆ. ಮಂಡ್ಯ ಇರೋದು ಹನ್ನೆರಡೂವರೆ ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಯಾವ ವರ್ಷವೂ ಗುರು ಐವತ್ತು ಡಿಗ್ರಿಗಿಂತ ಮೇಲೇ ಏರುತ್ತದೆ, ಕೆಲವು ವರ್ಷ ನೆತ್ತಿಯ ಹತ್ತಿರ. ಪಟ್ಟೆ ನೋಡೋಕೆ ಮೂರಿಂಚಿನ ದುರ್ಬೀನು ಸಾಕು. ಮಚ್ಚೆಗೆ ಆರಿಂಚಿನದ್ದಿದ್ದರೆ ಒಳ್ಳೆಯದು, ಜೊತೆಗೆ ತಾಳ್ಮೆ. ಫೋಟೋದ ಕೆಂಪು ಇರಲ್ಲ, ಮಾಸಿದ ಕಿತ್ತಳೆ ಬಣ್ಣದ ಚಿಕ್ಕ ಮೊಟ್ಟೆ, ದಕ್ಷಿಣದ ಕಂದು ಪಟ್ಟೆಯ ಅಂಚಿನಲ್ಲಿ ಅದು ಕೂತ ಜಾಗ ಸ್ವಲ್ಪ ಒಳಗೆ ಹೋದಂತೆ ಕಾಣುತ್ತದೆ. ಅದು ಗ್ರಹದ ಈ ಬದಿಗೆ ಬಂದಿರಬೇಕು ಅನ್ನೋದೇ ದೊಡ್ಡ ಷರತ್ತು. ಇವತ್ತು ರಾತ್ರಿ 8 ಗಂಟೆಗೆ ನಟ್ಟನಡುವೆ ಕಂಡರೆ ನಾಳೆ ಅದೇ ಹೊತ್ತಿಗೆ ಕಾಣಲ್ಲ, ನಾಡಿದ್ದು 9.40ರ ಸುಮಾರಿಗೆ ಮತ್ತೆ ನಡುವೆ ಬಂದಿರುತ್ತದೆ, ಅಷ್ಟರಲ್ಲಿ ಗುರು ಐದು ಸುತ್ತು ಮುಗಿಸಿರುತ್ತದೆ. ಸಮಯ ತೋರಿಸುವ ಆ್ಯಪ್‌ಗಳಿವೆ, ನಡುವೆ ಬರುವ ಹೊತ್ತಿಗೆ ಮುಕ್ಕಾಲು ಗಂಟೆ ಹಿಂದೆ ಮುಂದೆ ನೋಡಿ.

ದುರ್ಬೀನು ಮೇಲೆ ಟೆರೇಸಿನಲ್ಲಿದೆ. ಮಕ್ಕಳು ಮೊದಲು. ಕೊಳವೆ ಮುಟ್ಟಬೇಡಿ, ಅಲ್ಲಾಡಿದರೆ ಗುರು ಹೊರಗೆ ಹೋಗುತ್ತದೆ. ಒಂದು ಸೆಕೆಂಡ್ ಇಣುಕಿ ‘ಏನೂ ಕಾಣಲ್ಲ’ ಅಂತ ಓಡಿಹೋಗಬೇಡಿ, ಒಂದೆರಡು ನಿಮಿಷ ಕಣ್ಣಿಟ್ಟೇ ಇರಿ. ಹಿಂದೆ ನಿಂತವರು ಬೈದರೂ ಪರವಾಗಿಲ್ಲ.